ಯೀಸ್ಟ್ ಉಬ್ಬುತ್ತಿಲ್ಲವೇ? ಬಿಸಿಲೂರಿನ ಲ್ಯಾಬ್‌ಗೊಂದು ದೋಷ ನಿವಾರಣೆ ಕೈಪಿಡಿ

ಏಪ್ರಿಲ್ ಬಂತೆಂದರೆ ನಮ್ಮ ಲ್ಯಾಬಿನಲ್ಲಿ ದಿನಕ್ಕೊಮ್ಮೆಯಾದರೂ ಈ ಮಾತು ಕೇಳುತ್ತದೆ: "ಮೇಡಂ, ಬಲೂನ್ ಉಬ್ಬವಲ್ದ್ರಿ. ಯೀಸ್ಟ್ ಸತ್ತಾವೇನ್ರಿ?" ಯೀಸ್ಟ್ ಎಂದರೆ ಬ್ರೆಡ್ ಉಬ್ಬಿಸುವ, ಒಂದೇ ಕೋಶದ ಶಿಲೀಂಧ್ರ. ಬಾಟಲಿಯ ಸಕ್ಕರೆ ನೀರಿಗೆ ಅದನ್ನು ಹಾಕಿ ಬಾಯಿಗೆ ಬಲೂನ್ ಸಿಕ್ಕಿಸಿದರೆ, ಅದು ಬಿಡುವ ಅನಿಲಕ್ಕೆ ಬಲೂನ್ ಉಬ್ಬಬೇಕು.

ನಾನು ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ನೋಡಿಕೊಳ್ಳುತ್ತೇನೆ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯಿಂದ ಬರುವ ಮಕ್ಕಳು ಪ್ರಾಜೆಕ್ಟ್‌ಗೆ ಜಾಸ್ತಿ ಆರಿಸಿಕೊಳ್ಳುವುದು ಯೀಸ್ಟನ್ನೇ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಅಗ್ಗ, ಒಂದೇ ದಿನದಲ್ಲಿ ಫಲಿತಾಂಶ ಕಾಣುತ್ತದೆ. ಆ ಪೊಟ್ಟಣದಲ್ಲಿರುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಸಾಮಾನ್ಯ ಜೀವಿಯೇನಲ್ಲ. ಕೋಶಕೇಂದ್ರ ಇರುವ ಜೀವಿಗಳಲ್ಲಿ ಪೂರ್ತಿ ಜೀನೋಮ್ (ಕೋಶದ ಡಿಎನ್ಎ ಬರಹ) ಓದಿ ಮುಗಿಸಿದ್ದು ಮೊದಲು ಇದರದ್ದೇ, 1996ರಲ್ಲಿ. 16 ವರ್ಣತಂತು, ಸುಮಾರು 6,000 ಜೀನ್. ಹೆಪಟೈಟಿಸ್-ಬಿ ಲಸಿಕೆಯ ಪ್ರೋಟೀನನ್ನು ಇದರ ಕೈಲೇ ಮಾಡಿಸುತ್ತಾರೆ.

ಪ್ರಯೋಗ ಕೆಟ್ಟಾಗ ಮಕ್ಕಳು ಮೊದಲು ದೂರುವುದು ಯೀಸ್ಟನ್ನು. ನಾನು ಕಂಡಂತೆ ನಮ್ಮ ಸೀಮೆಯಲ್ಲಿ ತಪ್ಪು ಹೆಚ್ಚಾಗಿ ಬಿಸಿಲಿನದು, ನೀರಿನದು, ಗಾಳಿಯದು. ಹಾಗಾಗಿ ಕಣ್ಣಿಗೆ ಕಾಣುವ ಲಕ್ಷಣದಿಂದಲೇ ಶುರು ಮಾಡೋಣ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಮೈಕ್ರೋಸ್ಕೋಪ್ ಆಮೇಲೆ.

ಹದಿನೈದು ನಿಮಿಷ ಆಯಿತು, ನೊರೆಯೇ ಬಂದಿಲ್ಲ

ಒಂದು ಗ್ಲಾಸಿನಲ್ಲಿ 100 ಮಿ.ಲೀ. ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಡ್ರೈ ಯೀಸ್ಟ್. ಇಷ್ಟೇ ಹಾಕಿ ಕಲಕಿ ಬಿಡಿ. ಹತ್ತು ಹದಿನೈದು ನಿಮಿಷದಲ್ಲಿ ಮೇಲೆ ಕೆನೆಯಂಥ ನೊರೆ ಕಟ್ಟಬೇಕು, ಬ್ರೆಡ್ಡಿನ ವಾಸನೆ ಬರಬೇಕು. ಬಂದರೆ ಯೀಸ್ಟ್ ಬದುಕಿದೆ, ದೋಷ ಬೇರೆ ಕಡೆ ಇದೆ ಎಂದರ್ಥ. ಯಾವ ಪ್ರಯೋಗಕ್ಕೂ ಮುಂಚೆ ಈ ಗ್ಲಾಸ್ ಪರೀಕ್ಷೆ ಮಾಡಿಸುವುದು ನನ್ನ ಕಡ್ಡಾಯ ನಿಯಮ.

ನೊರೆ ಬರದಿದ್ದರೆ ಮೊದಲು ನೀರನ್ನು ನೋಡಿ. ಡ್ರೈ ಯೀಸ್ಟ್ ನೆನೆಯಲು 35ರಿಂದ 40 ಡಿಗ್ರಿ ನೀರು ಸಾಕು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಹಿತವಾದ ಬೆಚ್ಚಗೆ ಅನಿಸಬೇಕು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ನಲ್ಲಿಯಲ್ಲೇ ಕೈ ಚುರ್ ಅನ್ನಿಸುವಂತೆ ಬರುತ್ತದೆ. "ಕಾಯಿಸಿಲ್ಲ ಮೇಡಂ, ನಲ್ಲಿ ನೀರೇ ಹಾಕೀವ್ರಿ" ಎನ್ನುತ್ತಾರೆ ಮಕ್ಕಳು. ನಿಜ, ಕಾಯಿಸಿಲ್ಲ. ಸೂರ್ಯ ಕಾಯಿಸಿದ್ದಾನೆ. ನೀರಿನ ಬಿಸಿ 50 ಡಿಗ್ರಿ ದಾಟಿದರೆ ಯೀಸ್ಟ್ ಬೇಗ ಬೇಗ ಸಾಯುತ್ತದೆ. ಇದಕ್ಕೆ ವಿರುದ್ಧವಾಗಿ ಫ್ರಿಜ್ ನೀರು ಹಾಕಿದರೂ ಕಷ್ಟ. ಒಣಗಿದ ಕೋಶದ ಪೊರೆ ತಣ್ಣೀರಿನಲ್ಲಿ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಒಳಗಿನ ಸತ್ವ ಹೊರಗೆ ಸೋರುತ್ತದೆ.

ಎರಡನೆಯದು ನೀರಿನ ಗುಣ. ಸವಳು ಬೋರ್‌ವೆಲ್ ನೀರಿಗಿಂತ ಕುಡಿಯುವ ನೀರು ವಾಸಿ. ಪುರಸಭೆ ನೀರಿನಲ್ಲಿ ಕ್ಲೋರಿನ್ ಘಾಟು ಇದ್ದರೆ ಕುದಿಸಿ ಆರಿಸಿ. ಅನುಮಾನ ಬಂದರೆ ಎರಡು ಗ್ಲಾಸ್ ಇಡಿ, ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಕ್ಯಾನ್ ನೀರು. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೂರನೆಯದು ಪೊಟ್ಟಣ. ತಾರೀಖು ನೋಡಿ. ಬಿಚ್ಚಿದ ಪೊಟ್ಟಣವನ್ನು ಫ್ರಿಜ್‌ನಲ್ಲಿ ಇಟ್ಟಿದ್ದೇವೆ ಎಂದು ನೆಮ್ಮದಿಯಾಗಿರಬೇಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಒಳಗೆ ಪಸೆ ಕೂರುತ್ತದೆ, ಕಾಳು ಗಂಟು ಕಟ್ಟುತ್ತದೆ. ಬಾಯಿ ಬಿಗಿಯಾದ ಸಣ್ಣ ಡಬ್ಬಿಯಲ್ಲಿ ತುಂಬಿ, ಹೊರಗೆ ತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ. ಇನ್ನೊಂದು ಮಾತು: ಪೌಷ್ಟಿಕ ಆಹಾರವೆಂದು ಮಾರುವ ಹಳದಿ ಚಕ್ಕೆಯ ಯೀಸ್ಟ್ ಮೊದಲೇ ಬಿಸಿ ಮಾಡಿ ಸಾಯಿಸಿದ್ದು. ಅದು ಎಷ್ಟು ಹೊತ್ತು ಕಾದರೂ ಉಬ್ಬುವುದಿಲ್ಲ.

ನೊರೆ ಇದೆ, ಬಲೂನ್ ಮಾತ್ರ ಜೋತುಬಿದ್ದಿದೆ

ಸೋರಿಕೆ. ಬಾಟಲಿಯ ಬಾಯಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ. ಹಳೆ ಬಲೂನಾದರೆ ಬದಲಿಸಿ.

ಇದಕ್ಕಿಂತ ನಂಬಿಕೆಯ ಪರೀಕ್ಷೆ ಒಂದಿದೆ, ತಕ್ಕಡಿ ಪರೀಕ್ಷೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. 180 ಗ್ರಾಂ ಗ್ಲೂಕೋಸ್‌ನಿಂದ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಅನಿಲ. ಅಂದರೆ ತಿಂದ ಸಕ್ಕರೆಯ ಅರ್ಧದಷ್ಟು ತೂಕ ಗಾಳಿಗೆ ಹೋಗುತ್ತದೆ. ಎರಡು ಫ್ಲಾಸ್ಕಿಗೆ 100 ಮಿ.ಲೀ. ನೀರು, 5 ಗ್ರಾಂ ಸಕ್ಕರೆ ಹಾಕಿ. ಒಂದಕ್ಕೆ ಮಾತ್ರ ಯೀಸ್ಟ್. ಎರಡಕ್ಕೂ ಹತ್ತಿಯ ಬಿರಡೆ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಗಂಟೆಗೊಮ್ಮೆ ತೂಗಿ. ಯೀಸ್ಟ್ ಇಲ್ಲದ ಫ್ಲಾಸ್ಕಿನಲ್ಲಿ ಇಳಿದ ತೂಕ ಬರೀ ಆವಿಯದು, ಅದನ್ನು ಕಳೆಯಿರಿ. ಉಳಿದದ್ದು ಯೀಸ್ಟಿನ ದುಡಿಮೆ. ಸಕ್ಕರೆಯೆಲ್ಲ ಮುಗಿದಾಗ ಅದು ಎರಡೂವರೆ ಗ್ರಾಂ ಆಸುಪಾಸು ಬರಬೇಕು. ಬಲೂನ್ ಸುಳ್ಳು ಹೇಳಬಹುದು, ತಕ್ಕಡಿ ಹೇಳುವುದಿಲ್ಲ.

ಒಂದು ಎಚ್ಚರಿಕೆ. ಸೋರಿಕೆ ತಡೆಯಲು ಗಾಜಿನ ಬಾಟಲಿಗೆ ಬಿಗಿಯಾಗಿ ಮುಚ್ಚಳ ತಿರುಗಿಸಿ ಇಡಬೇಡಿ. ಬರೀ 10 ಗ್ರಾಂ ಸಕ್ಕರೆಯಿಂದ ಎರಡೂವರೆ ಲೀಟರಿಗೂ ಜಾಸ್ತಿ ಅನಿಲ ಹುಟ್ಟುತ್ತದೆ. ಅದು ಅರ್ಧ ಲೀಟರ್ ಬಾಟಲಿಯಲ್ಲಿ ಸಿಕ್ಕಿಕೊಂಡರೆ ಗಾಜು ಸಿಡಿಯುತ್ತದೆ, ಕಣ್ಣು ಹೋಗುತ್ತದೆ. ಉಬ್ಬಿ ಬಿಗಿದ ಬಾಟಲಿ ಕಂಡರೆ ಮುಖ ದೂರ ಇಟ್ಟು, ದಪ್ಪ ಬಟ್ಟೆ ಸುತ್ತಿ, ನಿಧಾನಕ್ಕೆ ಸಡಿಲಿಸಿ.

ಬೆಳಿಗ್ಗೆ ಜೋರಾಗಿತ್ತು, ಮಧ್ಯಾಹ್ನಕ್ಕೆ ನಿಂತುಬಿಟ್ಟಿತು

ಸಕ್ಕರೆ ಮುಗಿದಿರಬಹುದು. ಒಂದು ಚಮಚ ಸಕ್ಕರೆ ಹಾಕಿ ನೋಡಿ. ಮತ್ತೆ ಗುಳ್ಳೆ ಎದ್ದರೆ ಅಷ್ಟೇ ಕತೆ. ಸಕ್ಕರೆ ಅತಿಯಾದರೂ ತೊಂದರೆ. 100 ಮಿ.ಲೀ.ಗೆ 25 ಗ್ರಾಂ ಮೀರಿದರೆ ಸಕ್ಕರೆಯೇ ಕೋಶದೊಳಗಿನ ನೀರು ಎಳೆಯುತ್ತದೆ, ಯೀಸ್ಟ್ ಬಾಡುತ್ತದೆ. ಪ್ರಯೋಗಕ್ಕೆ 5ರಿಂದ 10 ಗ್ರಾಂ ಸಾಕು.

ಇವೆರಡೂ ಅಲ್ಲದಿದ್ದರೆ ನಮ್ಮೂರಲ್ಲಿ ಉಳಿಯುವ ಕಾರಣ ಬಿಸಿಲು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಎರಡು ವರ್ಷದ ಹಿಂದೆ ಲಿಂಗಸುಗೂರಿನ ಒಬ್ಬ ಹುಡುಗಿ ಮೂರು ವಾರ ಒಂದೇ ಪ್ರಯೋಗ ಮಾಡಿದಳು. ಅಚ್ಚುಕಟ್ಟಾದ ಹುಡುಗಿ. ಅಳತೆ ಸರಿ, ಸ್ವಚ್ಛತೆ ಸರಿ. ಫ್ಲಾಸ್ಕುಗಳನ್ನು ಇನ್‌ಕ್ಯುಬೇಟರಿನಲ್ಲೇ (ಬೇಕಾದ ಬಿಸಿಗೆ ಹೊಂದಿಸಿ ಇಡುವ ಪೆಟ್ಟಿಗೆ) ಇಟ್ಟಿದ್ದಳು, ಗುಂಡಿಯನ್ನು 30ಕ್ಕೇ ತಿರುಗಿಸಿದ್ದಳು. ಆದರೂ ಪ್ರತಿ ದಿನ ಮಧ್ಯಾಹ್ನಕ್ಕೆ ಗುಳ್ಳೆ ನಿಲ್ಲುತ್ತಿತ್ತು. ಒಂದು ದಿನ ನಾನೇ ಹೋಗಿ ಬಾಗಿಲು ತೆಗೆದೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಒಳಗಿಟ್ಟು, ಒಂದು ಗಂಟೆ ಬಿಟ್ಟು ನೋಡಿದರೆ 42. ಹೊರಗೆ ಕೋಣೆಯಲ್ಲಿ 41. ಹುಡುಗಿ ಒಂದು ಮಾತೂ ಆಡದೆ ತನ್ನ ನೋಟ್‌ಬುಕ್ ತೆಗೆದು ಮೂರು ವಾರದ ಪುಟಗಳಲ್ಲೆಲ್ಲ "30 ಡಿಗ್ರಿ" ಎಂದು ಬರೆದದ್ದನ್ನು ನೋಡುತ್ತಾ ನಿಂತಳು.

ಯಂತ್ರ ಕೆಟ್ಟಿರಲಿಲ್ಲ. ಸಾಮಾನ್ಯ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಮಾತ್ರ ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಕೋಣೆಯೇ 41 ಇದ್ದರೆ ಅದರ ಬಿಸಿ ಮಾಡುವ ಕಾಯಿಲ್ ಆರಿರುತ್ತದೆ ಅಷ್ಟೇ, ಒಳಗಿನ ಬಿಸಿ ಇಳಿಯುವುದಿಲ್ಲ. ಕಂಪ್ರೆಸರ್ ಇರುವ ಬಿಓಡಿ ಇನ್‌ಕ್ಯುಬೇಟರ್ ಮಾತ್ರ ತಂಪು ಮಾಡುತ್ತದೆ. ತಂಪು ಊರಿನವರು ಬರೆದ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ "ಕೋಣೆಯ ಉಷ್ಣತೆಯಲ್ಲಿ ಇಡಿ" ಎಂದಿರುತ್ತದೆ. ಆ ಕೋಣೆ ನಮ್ಮ ಕೋಣೆಯಲ್ಲ.

ಈ ಯೀಸ್ಟಿಗೆ ಹಿತವಾದದ್ದು 30 ಡಿಗ್ರಿ ಆಸುಪಾಸು. ಒಳ್ಳೆಯ ಮೇವು ಸಿಕ್ಕರೆ ಒಂದೂವರೆ ಗಂಟೆಗೆ ಒಂದು ಕೋಶ ಎರಡಾಗುತ್ತದೆ. 37 ದಾಟಿದರೆ ಏದುಸಿರು. 40ಕ್ಕೆ ಬಂದರೆ ಬೆಳವಣಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ತಾನೇ ಮಾಡಿದ ಆಲ್ಕೋಹಾಲ್ ಕೂಡ ಬಿಸಿಯಲ್ಲಿ ಅದಕ್ಕೆ ಇನ್ನಷ್ಟು ವಿಷವಾಗುತ್ತದೆ. ಬೆಳಿಗ್ಗೆ ಓಡಿ ಮಧ್ಯಾಹ್ನಕ್ಕೆ ನಿಲ್ಲುವ ಗುಟ್ಟು ಇದು.

ಪರಿಹಾರಕ್ಕೆ ಸಾವಿರಾರು ರೂಪಾಯಿ ಬೇಕಿಲ್ಲ. ಅಗಲ ಬಾಯಿಯ ಮಣ್ಣಿನ ಗಡಿಗೆ ತನ್ನಿ. ತಳಕ್ಕೆ ಎರಡು ಇಂಚು ಒದ್ದೆ ಮರಳು, ಅದರ ಮೇಲೆ ಫ್ಲಾಸ್ಕ್. ಗಡಿಗೆಯ ಮೈಗೆ ಒದ್ದೆ ಗೋಣಿಚೀಲ ಸುತ್ತಿ ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಿ. ನಮ್ಮ ಬೇಸಿಗೆ ಗಾಳಿ ಒಣ ಗಾಳಿ, ನೀರು ಬೇಗ ಆವಿಯಾಗಿ ಗಡಿಗೆ ತಣ್ಣಗಾಗುತ್ತದೆ. ಹೊರಗೆ 40 ಇದ್ದ ದಿನ ನಮ್ಮ ಗಡಿಗೆಯೊಳಗೆ 31 ಬಂತು. ಆ ಹುಡುಗಿಯ ಪ್ರಯೋಗ ಮುಗಿದದ್ದು ಆ ಗಡಿಗೆಯಲ್ಲೇ. ಮಳೆಗಾಲದ ತೇವದಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ, ಆಗ ಅದರ ಅಗತ್ಯವೂ ಇರುವುದಿಲ್ಲ. ಥರ್ಮಾಮೀಟರ್ ಮಾತ್ರ ಯಾವಾಗಲೂ ಒಳಗೇ ಇರಲಿ. ಯಂತ್ರದ ಮೇಲಿನ ಅಂಕಿಯನ್ನಲ್ಲ, ಅದನ್ನು ನೋಡಿ ಬರೆಯಿರಿ.

ಸಂಶೋಧನೆಗೆಂದು ತರಿಸಿದ ತಳಿಯಾದರೆ ಇನ್ನೊಂದು ವಿಷಯ ವಿಚಾರಿಸಿ. ಬಿಸಿಗೆ ನಿಂತುಬಿಡುವಂತೆಯೇ ಆರಿಸಿದ ತಳಿಗಳಿವೆ. ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಹಾರ್ಟ್‌ವೆಲ್ ಇಂಥವನ್ನೇ ಹುಡುಕಿ ತೆಗೆದವರು. 23 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ, 36ಕ್ಕೆ ಏರಿಸಿದರೆ ಎಲ್ಲ ಕೋಶಗಳೂ ವಿಭಜನೆಯ ಒಂದೇ ಹಂತದಲ್ಲಿ, ಒಂದೇ ಅಳತೆಯ ಮೊಗ್ಗು (ತಾಯಿ ಕೋಶದಿಂದ ಹೊರಡುವ ಮರಿ ಕೋಶ) ಹೊತ್ತು ನಿಲ್ಲುತ್ತವೆ. ಯಾವ ಜೀನ್ ಕೆಟ್ಟರೆ ಯಾವ ಹಂತ ನಿಲ್ಲುತ್ತದೆ ಎಂದು ಹಾಗೆ ಒಂದೊಂದಾಗಿ ಗುರುತಿಸಿದರು. ಆ ಕೆಲಸಕ್ಕೆ 2001ರಲ್ಲಿ ಪಾಲ್ ನರ್ಸ್ ಮತ್ತು ಟಿಮ್ ಹಂಟ್ ಜೊತೆ ನೊಬೆಲ್ ಬಂತು. ಅಂಥ ತಳಿಯನ್ನು ನಮ್ಮ ಮೇಜಿನ ಮೇಲಿಟ್ಟರೆ ಮೇ ತಿಂಗಳಲ್ಲಿ ಒಂದೂ ಬೆಳೆಯದು.

ಬಿಸಿಯಲ್ಲೇ ಕೆಲಸ ಆಗಬೇಕು ಅಂದರೆ ಬೇರೆ ಯೀಸ್ಟ್ ಇದೆ, ಕ್ಲೈವರೋಮೈಸಿಸ್ ಮಾರ್ಕ್ಸಿಯಾನಸ್. 45 ಡಿಗ್ರಿಯಲ್ಲೂ ಬೆಳೆಯುವ ತಳಿಗಳು ಅದರಲ್ಲಿವೆ. ನಮ್ಮ ಭಾಗದ ಮಕ್ಕಳು ಪ್ರಾಜೆಕ್ಟ್‌ಗೆ ಇದನ್ನು ಯಾಕೆ ತೆಗೆದುಕೊಳ್ಳಬಾರದು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನುಚ್ಚಿನ ಗಂಜಿ ಹಾಕಿದೆ, ಹಾಲು ಹಾಕಿದೆ, ಏನೂ ಆಗಲಿಲ್ಲ

ಇದು ದೋಷವಲ್ಲ. ಗಂಗಾವತಿ, ಸಿಂಧನೂರಿನ ಮಕ್ಕಳು ಅಕ್ಕಿ ಮಿಲ್ಲಿನಿಂದ ಸೋನಾ ಮಸೂರಿ ನುಚ್ಚು ತಂದು ಗಂಜಿ ಕಾಯಿಸಿ ಯೀಸ್ಟ್ ಹಾಕುತ್ತಾರೆ. ಬೇಕರಿ ಯೀಸ್ಟಿಗೆ ಪಿಷ್ಟವನ್ನು ಒಡೆಯುವ ಕಿಣ್ವ ಇಲ್ಲ. ಹಾಲಿನ ಲ್ಯಾಕ್ಟೋಸ್ ಕೂಡ ಅದಕ್ಕೆ ದಕ್ಕುವುದಿಲ್ಲ. (ಮೇಲೆ ಹೇಳಿದ ಮಾರ್ಕ್ಸಿಯಾನಸ್‌ಗೆ ಲ್ಯಾಕ್ಟೋಸ್ ದಕ್ಕುತ್ತದೆ.)

ಗಂಜಿಯನ್ನು ಮೊದಲು ಸಿಹಿ ಮಾಡಬೇಕು. ಜೋಳ ಅಥವಾ ರಾಗಿಯನ್ನು ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ. ಆ ಹಿಟ್ಟನ್ನು 60ರಿಂದ 65 ಡಿಗ್ರಿ ಬಿಸಿಯ ಗಂಜಿಗೆ ಬೆರೆಸಿ ಒಂದು ಗಂಟೆ ಅದೇ ಬಿಸಿಯಲ್ಲಿ ಇಡಿ. ಗಂಜಿ ತೆಳ್ಳಗಾಗುತ್ತದೆ. ಒಂದು ಹನಿ ತೆಗೆದು ಆರಿಸಿ ಅಯೋಡಿನ್ ಬಿಡಿ. ಕಪ್ಪು ನೀಲಿ ಬಂದರೆ ಪಿಷ್ಟ ಇನ್ನೂ ಇದೆ, ಬರದಿದ್ದರೆ ಮುಗಿದಿದೆ. ಆಮೇಲೆ 30ಕ್ಕೆ ತಣಿಸಿ ಯೀಸ್ಟ್ ಹಾಕಿ. ಬಿಸಿ ಇರುವಾಗಲೇ ಹಾಕಿದರೆ ಮತ್ತೆ ಮೊದಲ ಸಮಸ್ಯೆಗೇ ಬರುತ್ತೀರಿ.

ವಾಸನೆ ಬೇರೆಯಾಗಿದೆ

ಮೂಗು ಒಳ್ಳೆಯ ಉಪಕರಣ. ಆದರೆ ಫ್ಲಾಸ್ಕಿನ ಬಾಯಿಗೆ ಮೂಗು ಇಡಬೇಡಿ, ಕೈಯಿಂದ ಗಾಳಿಯನ್ನು ನಿಮ್ಮ ಕಡೆ ಬೀಸಿಕೊಳ್ಳಿ.

ಮಜ್ಜಿಗೆಯಂಥ ಹುಳಿ ವಾಸನೆ ಬಂದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿದೆ. ಇಡ್ಲಿ ಹಿಟ್ಟಿನ ವಾಸನೆ ಅಲ್ವಾ ಎಂದು ಮಕ್ಕಳು ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ಇಡ್ಲಿ ಹಿಟ್ಟು ಹುಳಿ ಬಂದು ಉಬ್ಬುವುದು ಮುಖ್ಯವಾಗಿ ಇಂಥ ಬ್ಯಾಕ್ಟೀರಿಯಾದಿಂದಲೇ. ವಿನೆಗರ್ ವಾಸನೆ ಬಂದರೆ ಗಾಳಿ ಜಾಸ್ತಿ ಆಡಿ ಅಸಿಟಿಕ್ ಬ್ಯಾಕ್ಟೀರಿಯಾ ಕೂತಿವೆ. ಕೊಳೆತ ಮೊಟ್ಟೆಯ ವಾಸನೆಯಾದರೆ ಗಾಬರಿ ಬೇಡ, ಯೀಸ್ಟಿಗೆ ಸಾರಜನಕದ ಮೇವು ಸಾಲದಾದಾಗಲೂ ಹೀಗೆ ಬರುತ್ತದೆ. ಬರೀ ಸಕ್ಕರೆ ನೀರಲ್ಲಿ ಇಟ್ಟಿದ್ದರೆ ಮುಂದಿನ ಸಲ ಪೆಪ್ಟೋನ್, ಯೀಸ್ಟ್ ಸಾರ ಸೇರಿಸಿ. ನೈಲ್ ಪಾಲಿಶ್ ವಾಸನೆ ಕಾಡು ಯೀಸ್ಟಿನ ಸುಳಿವು. ವಾಂತಿಯ ವಾಸನೆ ಬಂದರೆ ತನಿಖೆ ಬೇಡ, ಚೆಲ್ಲಿಬಿಡಿ.

ಅಗರ್ ತಟ್ಟೆಯ ಮೇಲೆ ಏನೇನೋ ಬೆಳೆದಿದೆ

ಅಗರ್ ಎಂದರೆ ಸೂಕ್ಷ್ಮಜೀವಿ ಬೆಳೆಸಲು ತಟ್ಟೆಗೆ ಸುರಿಯುವ ಜೆಲ್ಲಿ. ಅದರ ಮೇಲೆ ಬೇಕರಿ ಯೀಸ್ಟಿನ ಕಾಲನಿ (ಕೋಶಗಳ ಗುಂಪು) ಕೆನೆ ಬಣ್ಣದ್ದು, ದುಂಡಗೆ, ಸ್ವಲ್ಪ ಉಬ್ಬಿ, ಬೆಣ್ಣೆಯ ಹನಿ ಇಟ್ಟಂತೆ ಇರುತ್ತದೆ. ಹಸಿರು, ಕಪ್ಪು, ಹತ್ತಿಯಂಥ ರೋಮ ಕಂಡರೆ ಬೂಷ್ಟು. ಲೋಳೆಯಾಗಿ ಹರಡಿದ್ದರೆ ಬ್ಯಾಕ್ಟೀರಿಯಾ. ಗುಲಾಬಿ ಬಣ್ಣ ಕಂಡರೆ ಹೆಚ್ಚಾಗಿ ರೋಡೊಟೊರುಲಾ ಎಂಬ ಗಾಳಿಯ ಯೀಸ್ಟ್. ಆದರೆ ನಿಮ್ಮದು ಅಡೆ2 ಜೀನ್ ಕೆಟ್ಟ ಸಂಶೋಧನಾ ತಳಿಯಾದರೆ ಕೆಂಪು ಅದರ ಸ್ವಂತ ಬಣ್ಣ. ಬಿಸಾಡುವ ಮುಂಚೆ ತಳಿಯ ಹೆಸರು ನೋಡಿ.

ಬೂಷ್ಟು ಎಲ್ಲಿಂದ ಬಂತು? ನಮ್ಮಲ್ಲಿ ಮೊದಲ ಅನುಮಾನ ಫ್ಯಾನಿನ ಮೇಲೆ. ಸೆಕೆಗೆ ತಡೆಯಲಾರದೆ ಫ್ಯಾನ್ ಹಾಕಿಕೊಂಡೇ ಅಗರ್ ಸುರಿಯುತ್ತಾರೆ. ಕಿಟಕಿಯಿಂದ ಹತ್ತಿಯ ಎಳೆ, ತೌಡಿನ ಧೂಳು ಒಳಗೆ ಬರುತ್ತದೆ. ಸುರಿಯುವ ಅರ್ಧ ಗಂಟೆ ಮುಂಚೆ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮೇಜು ಒರೆಸಿ, ಬೆವರು ಸುರಿದರೂ ಸಹಿಸಿಕೊಳ್ಳಿ. ಏನೂ ಹಚ್ಚದ ಒಂದು ತಟ್ಟೆಯನ್ನು ಜೊತೆಗೇ ಇಡಿ. ಅದರಲ್ಲೂ ಬೆಳೆದರೆ ದೋಷ ಅಗರ್‌ನದು ಅಥವಾ ಕ್ರಿಮಿನಾಶದ್ದು. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ ಪೂರ್ತಿ ಸಿಕ್ಕಿದೆಯೇ ಎಂದು ನೋಡಿ. ಮಧ್ಯೆ ಕರೆಂಟ್ ಹೋಗಿದ್ದರೆ ಮೊದಲಿಂದ ಮಾಡಿ.

ಸ್ಪಿರಿಟ್ ದೀಪ ಉರಿಯುವಾಗ ಪಕ್ಕದಲ್ಲಿ ಸ್ಪಿರಿಟ್ ಬಾಟಲಿ ತೆರೆದಿಡಬೇಡಿ. ಕೈಗೆ ಸ್ಪಿರಿಟ್ ಹಚ್ಚಿಕೊಂಡರೆ ಪೂರ್ತಿ ಆರಿದ ಮೇಲೆಯೇ ದೀಪದ ಹತ್ತಿರ ಹೋಗಿ. ಹಗಲು ಬೆಳಕಿನಲ್ಲಿ ಆ ಉರಿ ಕಾಣುವುದೇ ಇಲ್ಲ.

ಕಾಲನಿ ಸಣ್ಣ ಸಣ್ಣವು

ಮೊದಲು ತಟ್ಟೆಯ ಅಂಚು ನೋಡಿ. ಅಗರ್ ಸುಕ್ಕಾಗಿ ಅಂಚು ಬಿಟ್ಟಿದ್ದರೆ ಒಣಗಿದೆ. ತಟ್ಟೆಯನ್ನು ತಲೆಕೆಳಗಾಗಿಸಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡಿ. ಕಾಲನಿಗಳು ಒತ್ತೊತ್ತಾಗಿದ್ದರೂ ಸಣ್ಣವೇ ಆಗುತ್ತವೆ.

ಅಲ್ಲೊಂದು ಇಲ್ಲೊಂದು ಮಾತ್ರ ಕುಳ್ಳಗಿದ್ದು ಉಳಿದವು ದೊಡ್ಡದಾಗಿದ್ದರೆ ಖುಷಿಪಡಿ. ಅವು ಮೈಟೊಕಾಂಡ್ರಿಯ (ಕೋಶದ ಉಸಿರಾಟ ನಡೆಸುವ ಭಾಗ) ಕೆಟ್ಟ, ಪೆಟೀಟ್ ಎಂಬ ಕುಳ್ಳ ಯೀಸ್ಟ್ ಇರಬಹುದು. ವಿಜ್ಞಾನಿ ಬೋರಿಸ್ ಎಫ್ರುಸಿ 1940ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಇಂಥ ಕುಳ್ಳ ಕಾಲನಿಗಳ ಬೆನ್ನು ಹತ್ತಿಯೇ, ಕೋಶಕೇಂದ್ರದ ಹೊರಗೂ ಆನುವಂಶಿಕತೆ ಇದೆ ಎಂದು ತೋರಿಸಿದ್ದು. ಪರೀಕ್ಷೆ ಸುಲಭ. ಸಕ್ಕರೆ ಬದಲು 3% ಗ್ಲಿಸರಾಲ್ ಹಾಕಿದ ತಟ್ಟೆಗೆ ಅದನ್ನು ಗೀರಿ. ಗ್ಲಿಸರಾಲನ್ನು ಉಸಿರಾಟದಿಂದಲೇ ಬಳಸಬೇಕು, ಪೆಟೀಟ್‌ಗೆ ಅದು ಆಗುವುದಿಲ್ಲ, ಬೆಳೆಯುವುದಿಲ್ಲ. ಪಕ್ಕದ ದೊಡ್ಡ ಕಾಲನಿ ಬೆಳೆಯುತ್ತದೆ.

ಮೈಕ್ರೋಸ್ಕೋಪಿನಲ್ಲಿ ನೀಲಿ ತುಂಬಿದೆ

0.01% ಮೆಥಿಲೀನ್ ಬ್ಲೂ ಒಂದು ಹನಿ, ಯೀಸ್ಟ್ ಒಂದು ಹನಿ, ಐದು ನಿಮಿಷ. ಬದುಕಿರುವ ಕೋಶ ಬಣ್ಣವನ್ನು ಮಾಸಿಸಿ ಬೆಳ್ಳಗೆ ಕಾಣುತ್ತದೆ. ಸತ್ತದ್ದು ನೀಲಿ. ಕನಿಷ್ಠ 200 ಕೋಶ ಎಣಿಸಿ. ಹತ್ತು ನಿಮಿಷ ದಾಟಿಸಬೇಡಿ, ಬಣ್ಣವೇ ಬದುಕಿದ್ದನ್ನೂ ಕೊಲ್ಲತೊಡಗುತ್ತದೆ. ಯೀಸ್ಟ್ ಮೊಟ್ಟೆಯಾಕಾರದ್ದು, 5ರಿಂದ 10 ಮೈಕ್ರಾನ್, ಪಕ್ಕದಲ್ಲಿ ಮೊಗ್ಗು. ಅದರ ನಡುವೆ ಚುಕ್ಕೆಯಂತೆ, ಕಡ್ಡಿಯಂತೆ ಓಡಾಡುವ ಸಣ್ಣವು ಬ್ಯಾಕ್ಟೀರಿಯಾ.

ಕೋಶದೊಳಗೆ ದೊಡ್ಡ ಗುಳ್ಳೆ ಕಂಡರೆ ಅದು ವ್ಯಾಕ್ಯೂಲ್, ಕೋಶ ಹಸಿದಿರಬಹುದು. ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಹಸಿದ ಯೀಸ್ಟಿನ ಇದೇ ಗುಳ್ಳೆಯನ್ನು ಸಾಧಾರಣ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಕೋಶ ತನ್ನ ಭಾಗಗಳನ್ನೇ ತಿಂದು ಮರುಬಳಸುವ ಬಗೆಯನ್ನು ಬಿಡಿಸಿದರು. 2016ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮಕ್ಕಳಿಗೆ ಇದನ್ನು ಹೇಳಿದ ದಿನ ಮೈಕ್ರೋಸ್ಕೋಪಿನ ಮುಂದೆ ಸಾಲು ಕರಗುವುದೇ ಇಲ್ಲ.

ಯಾವಾಗ ಕೈ ಬಿಡಬೇಕು, ಯಾರನ್ನು ಕೇಳಬೇಕು

ಬೂಷ್ಟು ಬಂದ ತಟ್ಟೆಯ ಮುಚ್ಚಳ ತೆಗೆಯಬೇಡಿ, ಬೀಜಕಣ ಉಸಿರಿಗೆ ಹೋಗುತ್ತವೆ. ಟೇಪ್ ಹಚ್ಚಿ, ಪ್ರೆಶರ್‌ನಲ್ಲಿ ಬೇಯಿಸಿ ಬಿಸಾಡಿ. ಉಬ್ಬಸ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇದರಿಂದ ದೂರ ಇರಲಿ. ಬಾಯಿ, ಚರ್ಮ, ಗಾಯದಿಂದ ಯೀಸ್ಟ್ ತೆಗೆದು ಬೆಳೆಸುವ ಪ್ರಯೋಗ ಸುಮ್ನೆ ಕುತೂಹಲಕ್ಕೂ ಬೇಡ. ಕ್ಯಾಂಡಿಡಾ ರೋಗ ತರುವ ಯೀಸ್ಟ್, ಅದು ವೈದ್ಯಕೀಯ ಲ್ಯಾಬಿನ ಕೆಲಸ. ಲ್ಯಾಬಿನಲ್ಲಿ ಹುದುಗಿಸಿದ್ದನ್ನು ರುಚಿ ನೋಡಬೇಡಿ. ಬಟ್ಟಿ ಇಳಿಸುವುದು ಲೈಸೆನ್ಸ್ ಇಲ್ಲದೆ ಅಪರಾಧ, ಬೆಂಕಿಯ ಅಪಾಯ ಬೇರೆ.

ಒಂದೇ ದೋಷ ಮೂರು ಸಲ ಮರುಕಳಿಸಿದರೆ ಹಳೆ ಯೀಸ್ಟನ್ನು ಉಳಿಸಲು ಹೆಣಗಬೇಡಿ. ಹೊಸ ತಳಿ ತರಿಸಿ. ಪುಣೆಯ ಎನ್‌ಸಿಐಎಂ, ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹಗಳು ಗುರುತು ಗೊತ್ತಿರುವ ತಳಿಗಳನ್ನು ಕಾಲೇಜುಗಳಿಗೆ ಕೊಡುತ್ತವೆ. ಅರ್ಜಿ ಕಾಲೇಜಿನ ಹೆಸರಲ್ಲಿ ಹೋಗಬೇಕು. ನಿಮ್ಮಲ್ಲಿ ಬೆಳೆದದ್ದು ಯಾವ ಯೀಸ್ಟ್ ಎಂದೇ ಗೊತ್ತಾಗಬೇಕಿದ್ದರೆ ಡಿಎನ್ಎ ಓದಿಸಬೇಕು. ಅದಕ್ಕೆ ನಿಮ್ಮ ಗೈಡ್ ಮೂಲಕ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೋ ಬಳ್ಳಾರಿಯ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಪೊಟ್ಟಣದ ತಾರೀಖು, ಯಾವ ನೀರು, ಎಷ್ಟು ಸಕ್ಕರೆ, ಏನೂ ಹಚ್ಚದ ತಟ್ಟೆಯ ಫೋಟೋ, ನೀಲಿ ಬಿಳಿ ಕೋಶಗಳ ಎಣಿಕೆ, ಇಷ್ಟು ಬರೆದುಕೊಳ್ಳಿ. ಬೆಳಿಗ್ಗೆ 8, ಮಧ್ಯಾಹ್ನ 2, ಸಂಜೆ 6ಕ್ಕೆ ಫ್ಲಾಸ್ಕಿನ ಪಕ್ಕದ ಥರ್ಮಾಮೀಟರ್ ಎಷ್ಟು ತೋರಿಸಿತು ಎಂಬುದನ್ನೂ ಬರೆಯಿರಿ. ಅವರು ಮೊದಲು ಕೇಳುವುದು ಅದನ್ನೇ.